ಶಾನಹಾನ್ ಮೇಲಿನ ತಪ್ಪು ಆರೋಪ

ಅಟ್ಲಾಂಟಾ ಫಾಲ್ಕನ್ಸ್ 28–3ರ ಮುನ್ನಡೆ ಕೈಚೆಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ 34–28ರಲ್ಲಿ ಸೋತ ಕಥೆ ಅಮೆರಿಕನ್ ಫುಟ್‌ಬಾಲ್ ನೋಡುವವರಿಗೆಲ್ಲ ಬಾಯಿಪಾಠ. 2017ರ ಫೆಬ್ರುವರಿ 5ರ ಆ ಸೂಪರ್ ಬೌಲ್ ಮುಗಿದಂದಿನಿಂದ ಫಾಲ್ಕನ್ಸ್ ದಾಳಿ ರೂಪಿಸಿದ ಕೈಲ್ ಶಾನಹಾನ್ ಅವರ ಮೇಲೆ ಒಂದೇ ಆರೋಪ: ಓಟ ಮತ್ತು ಪಾಸ್‌ಗಳ ಸಮತೋಲನ ಕೆಡಿಸಿದರು. ಅವರು ಅಂದು ತಪ್ಪು ಮಾಡಿದ್ದು ನಿಜ. ವಿಮರ್ಶಕರು ಆ ತಪ್ಪನ್ನು ಹುಡುಕಿದ ಜಾಗವೇ ಬೇರೆ. ಸಮತೋಲನಕ್ಕೆ ಈ ಆಟದಲ್ಲಿ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು.

ನಾಲ್ಕನೇ ಕ್ವಾರ್ಟರ್. ಫಾಲ್ಕನ್ಸ್ 28–20ರಿಂದ ಮುಂದಿದೆ. ಅಂಚುಗೆರೆಯ ಒಳಗೆ ಹೇಗೋ ಎರಡೂ ಪಾದ ಊರಿ ಜೂಲಿಯೊ ಜೋನ್ಸ್ ಹಿಡಿದ ಕ್ಯಾಚ್ ತಂಡವನ್ನು ಎದುರಾಳಿಯ 22ನೇ ಯಾರ್ಡ್‌ಗೆ ತಂದಿತ್ತು. ಐದು ನಿಮಿಷವೂ ಉಳಿದಿಲ್ಲ. ಒಂದು ಫೀಲ್ಡ್ ಗೋಲ್ ಬಿದ್ದರೆ ಮುನ್ನಡೆ 11. ಪೇಟ್ರಿಯಟ್ಸ್ ಎರಡು ಸಲ ಅಂಕ ಗಳಿಸಲೇಬೇಕು. ನಲವತ್ತು ಯಾರ್ಡ್ ಆಸುಪಾಸಿನ ಒದೆತ ಕಿಕ್ಕರ್ ಮ್ಯಾಟ್ ಬ್ರಯಾಂಟ್‌ಗೆ ಕಷ್ಟದ್ದಲ್ಲ. ಮೊದಲ ಡೌನ್‌ನಲ್ಲಿ ಡೆವೊಂಟಾ ಫ್ರೀಮನ್ ಓಡಿ ಒಂದು ಯಾರ್ಡ್ ಕಳೆದುಕೊಂಡರು. ಎರಡನೆಯದಕ್ಕೆ ಶಾನಹಾನ್ ಪಾಸ್ ಆರಿಸಿದರು. ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯಾನ್ ಶಾಟ್‌ಗನ್‌ನಲ್ಲಿ ಚೆಂಡು ಪಡೆದು ಇನ್ನೂ ಹಿಂದೆ ಸರಿದರು. ಟ್ರೇ ಫ್ಲವರ್ಸ್ ನುಗ್ಗಿ ಬಂದು 35ನೇ ಯಾರ್ಡ್‌ನಲ್ಲಿ ಕೆಡವಿದರು. ಹನ್ನೆರಡು ಯಾರ್ಡ್ ನಷ್ಟ. ಬೆನ್ನಿಗೇ ಹೋಲ್ಡಿಂಗ್ ದಂಡ, ಮತ್ತೆ ಹತ್ತು ಯಾರ್ಡ್. ಕಡೆಗೆ ಪಂಟ್ ಮಾಡದೆ ಗತಿಯಿರಲಿಲ್ಲ.

ಶಾನಹಾನ್ ವಿದ್ಯೆಯ ಜೀವಾಳ ಮರೆಮಾಚುವಿಕೆ. ತಂದೆ ಮೈಕ್ ಶಾನಹಾನ್ ಡೆನ್ವರ್‌ನಲ್ಲಿ ಬೆಳೆಸಿದ ಪದ್ಧತಿಯಿದು. 1998ರಲ್ಲಿ ಟೆರೆಲ್ ಡೇವಿಸ್ 2,008 ಯಾರ್ಡ್ ಓಡಿದ್ದು ಇದರಲ್ಲೇ. ಐವರೂ ಲೈನ್‌ಮನ್‌ಗಳು ಒಟ್ಟಿಗೆ ಒಂದೇ ಬದಿಗೆ ಹೆಜ್ಜೆಯಿಡುತ್ತಾರೆ. ಲೈನ್‌ಬ್ಯಾಕರ್ ಆ ಹೆಜ್ಜೆ ಓದಿ ಅತ್ತ ಹರಿಯುತ್ತಾನೆ. ಚೆಂಡು ಓಟಗಾರನ ಕೈ ಸೇರಿರಬಹುದು. ಇಲ್ಲವೇ ಕ್ವಾರ್ಟರ್‌ಬ್ಯಾಕ್ ಅದನ್ನು ಸೊಂಟಕ್ಕೆ ಅವುಚಿಕೊಂಡು ಎದುರು ದಿಕ್ಕಿಗೆ ಹೊರಟಿರಬಹುದು. ರಕ್ಷಕನ ಅರ್ಧ ಹೆಜ್ಜೆಯ ಅನುಮಾನವೇ ಇಲ್ಲಿ ಗಳಿಕೆ. ಆ ಎರಡನೇ ಡೌನ್‌ನಲ್ಲಿ ಆಳಕ್ಕೆ ಸರಿದು ನಿಂತ ರಯಾನ್ ಬಳಿ ಅನುಮಾನ ಹುಟ್ಟಿಸುವ ಏನೂ ಇರಲಿಲ್ಲ. ಶಾನಹಾನ್ ಮುರಿದದ್ದು ತಮ್ಮದೇ ನಿಯಮವನ್ನು.

ಇದನ್ನು ಬಿಟ್ಟು ಹಳೆಯ ಕೋಚ್‌ಗಳ ಪಂಥ ಎಣಿಕೆಗೆ ಕೂತಿತು: 46 ಆಟಗಳಲ್ಲಿ 18 ಮಾತ್ರ ಓಟ! ಹೆಚ್ಚು ಓಡಿದ ತಂಡವೇ ಗೆಲ್ಲುತ್ತದೆ ಎಂಬುದು ಇವರ ಸಾಕ್ಷ್ಯ. ಕಾರಣ-ಪರಿಣಾಮ ಇಲ್ಲಿ ತಿರುಗುಮುರುಗು. ಮುಂದಿರುವ ತಂಡ ಗಡಿಯಾರ ಸವೆಸಲು ಓಡುತ್ತದೆ. ಅದೇ ಋತುವಿನಲ್ಲಿ ಇದೇ ಶಾನಹಾನ್ ದಾಳಿಯ ಬಲದಲ್ಲಿ ತಂಡ ಲೀಗ್‌ನಲ್ಲೇ ಅತಿಹೆಚ್ಚು, 540 ಅಂಕ ಗಳಿಸಿದಾಗ ಯಾರೂ ಓಟ ಎಣಿಸಿರಲಿಲ್ಲ. ಇನ್ನು ಅಂಕಿಅಂಶ ಪಂಥ. ಹುಸಿ ಓಟ ತೋರಿಸಿ ಎಸೆಯುವ ಪಾಸ್ ಫಲಿಸಲು ಮೊದಲು ಹೆಚ್ಚು ಓಡಿರಬೇಕಿಲ್ಲ ಎಂದು ಅವರು ತೋರಿಸಿದ್ದು ದೊಡ್ಡ ಉಪಕಾರ. ಲೈನ್‌ಬ್ಯಾಕರ್ ನೋಡುವುದು ಹೆಜ್ಜೆಯನ್ನು, ಸ್ಕೋರ್‌ಪಟ್ಟಿಯನ್ನಲ್ಲ. ಆದರೆ ಸರಾಸರಿಯಲ್ಲಿ ಪಾಸ್‌ನ ಗಳಿಕೆ ಹೆಚ್ಚು ಎಂಬ ಒಂದೇ ಆಧಾರದ ಮೇಲೆ ಆ ಎರಡನೇ ಡೌನ್‌ನ ಪಾಸ್ ಆಯ್ಕೆಯನ್ನು ಸಮರ್ಥಿಸುವುದನ್ನು ಒಪ್ಪಲಾರೆ. ಅಲ್ಲಿ ಇನ್ನೈದು ಯಾರ್ಡ್ ಸಿಕ್ಕಿದ್ದರೆ ಆಗುತ್ತಿದ್ದ ಲಾಭ ಅಲ್ಪ. ಹನ್ನೆರಡು ಕಳೆದರೆ ಪಂದ್ಯವೇ ಹೋದಂತೆ. ಸರಾಸರಿಗೆ ಈ ವ್ಯತ್ಯಾಸ ಕಾಣದು.

ಸಮತೋಲನದ ಮಾತಿಗೆ ಇನ್ನೊಂದು ಪಂದ್ಯ ನೋಡಿ: 2020ರ ಜನವರಿ 19. ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್‌ನ ಮುಖ್ಯ ಕೋಚ್ ಆಗಿದ್ದ ಶಾನಹಾನ್ ಗ್ರೀನ್ ಬೇ ಎದುರು 42 ಸಲ ಓಡಿಸಿದರು. ಜಿಮ್ಮಿ ಗರೋಪೊಲೊ ಎಸೆದದ್ದು ಎಂಟೇ ಪಾಸ್. ರಹೀಮ್ ಮೋಸ್ಟರ್ಟ್ 220 ಯಾರ್ಡ್ ಓಡಿದರು, ತಂಡ 37–20ರಿಂದ ಗೆದ್ದಿತು. ಸಮತೋಲನವೇ ಅಳತೆಗೋಲಾದರೆ ಪೇಟ್ರಿಯಟ್ಸ್ ಎದುರಿನ ಸೋಲಿಗಿಂತ ಇದು ಎಷ್ಟೋ ಪಾಲು ವಕ್ರ. ಎರಡು ವಾರದ ನಂತರ ಕ್ಯಾನ್ಸಸ್ ಸಿಟಿ ಎದುರು 20–10ರ ಮುನ್ನಡೆ ಕರಗಿ 31–20ರಲ್ಲಿ ಸೋತಾಗ ಓಟದ ಎಣಿಕೆ ಮತ್ತೆ ಶುರುವಾಯಿತು. ಮೂರನೇ ಡೌನ್‌ನಲ್ಲಿ 15 ಯಾರ್ಡ್ ಬೇಕಿದ್ದಾಗ ಕ್ಯಾನ್ಸಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್, ಟೈರೀಕ್ ಹಿಲ್‌ಗೆ 44 ಯಾರ್ಡ್ ಪಾಸ್ ತಲುಪಿಸಿದ್ದರು. ಆ ಪಂದ್ಯ ತಿರುಗಿದ್ದು ಅಲ್ಲಿ, ಶಾನಹಾನ್ ದಾಳಿ ಮೈದಾನದಲ್ಲೇ ಇಲ್ಲದಾಗ.