ಶಯ್ಯಾಸನಲಕ್ಷಣವೂ ತೆಳುಹಲಗೆಯ ಅಲಂಕಾರವೂ

ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯ ಶಯ್ಯಾಸನಲಕ್ಷಣಾಧ್ಯಾಯದಲ್ಲಿ ಮಂಚಪೀಠಗಳಿಗೆ ಯೋಗ್ಯವಾದ ಮರಗಳನ್ನು ಎಣಿಸಿರುವನು. ಅಸನ, ಚಂದನ, ಸಾಲ, ಶಾಕ, ಶಿಂಶಪೆ ಮೊದಲಾದುವು ಗ್ರಾಹ್ಯವು. ಸಿಡಿಲು ಹೊಡೆದುದು, ಗಾಳಿಗೆ ಉರುಳಿದುದು, ಆನೆ ಕೆಡಹಿದುದು ತ್ಯಾಜ್ಯವು. ನಾಲ್ಕು ಜಾತಿಯವರೆಗೆ ಕೂಡಿಸಿದರೆ ಶುಭವು. ಐದಾದರೆ ಮಲಗಿದವನಿಗೆ ಮರಣವೆಂದು ಆತನ ಮತವು.

ಹಾಗಾದರೆ ಹಲವು ಬಣ್ಣದ ಮರಗಳನ್ನು ಬೀಟೆಯಲ್ಲಿ ಕೂರಿಸುವ ಮೈಸೂರಿನ ಕುಸುರಿಕೆಲಸವೂ ಪೀಠೋಪಕರಣಗಳಿಗೆ ಅಂಟಿಸುವ ವಿನೀರ್ ಎಂಬ ತೆಳುಹಲಗೆಯೂ ಶಾಸ್ತ್ರವಿರುದ್ಧವೇ? ಅಲ್ಲವೆಂದೇ ಹೇಳಬೇಕು. ನಿರ್ಮಿತ, ರಚಿತ, ಘಟಿತ ಎಂಬ ಪದಗಳಿಂದ ಆಚಾರ್ಯನು ನಿರ್ದೇಶಿಸುವುದು ಅಂಗಗಳ ಜೋಡಣೆಯನ್ನು. ಅಲಂಕಾರವು ಬೇರೆ, ಎಲ್ಲ ಮರಗಳಿಗೂ ಗಜದಂತದ ಅಲಂಕಾರವನ್ನು ಆತನೇ ಅದೇ ಅಧ್ಯಾಯದಲ್ಲಿ ಒಪ್ಪಿರುವನು. ಭಿನ್ನ ಮರಗಳು ತೇವಕ್ಕೆ ಭಿನ್ನಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಸಂಧಿಗಳು ಸಡಿಲವಾಗುವುದು ನಿಜವು. ಆದರೆ ಇದೇ ಆಚಾರ್ಯನ ಹೃದ್ಗತವೆನ್ನಲು ಮೂಲದಲ್ಲಿ ಆಧಾರವಿಲ್ಲ; ಫಲಶ್ರುತಿಗೆ ಭೌತಶಾಸ್ತ್ರವನ್ನು ತೊಡಿಸುವುದು ವ್ಯಾಖ್ಯಾನಧರ್ಮವಲ್ಲ.

ತೆಳುಹಲಗೆಯ ಆಯ್ಕೆಯಲ್ಲಿ ವಿವೇಕವು ಬೇರೊಂದಿದೆ. ಆಧಾರದ ಹಲಗೆಯು ಸ್ಥಿರವಾಗಿರಬೇಕು. ಅದು ಬಾಗದಂತೆ ಹಿಂಬದಿಗೂ ಹೊದಿಕೆ ಬೇಕು. ಒಂದೇ ದಿಮ್ಮಿಯಿಂದ ಅನುಕ್ರಮವಾಗಿ ಸೀಳಿದ ಹಾಳೆಗಳನ್ನು ತೆರೆದ ಪುಸ್ತಕದ ಪುಟಗಳಂತೆ ಎದುರುಬದುರಾಗಿ ಹೊಂದಿಸಿದರೆ ಗೆರೆಗಳು ಸಂವಾದಿಯಾಗುವುವು. ಕೋಲಾಕ್ಷ, ಸೂಕರನಯನ ಮೊದಲಾಗಿ ಆಚಾರ್ಯನು ಹೇಳಿದ ಆರು ಛಿದ್ರಗಳು ಇಲ್ಲಿಯೂ ದೋಷಗಳೇ. ಆದರೆ ಭಾರ ಹೊರುವ ಕಾಲಿಗೆ ಸಲ್ಲದ ಗಂಟು ಸುಳಿಗಳು ಹೊದಿಕೆಯಲ್ಲಿ ಬೆಲೆಯುಳ್ಳ ಚಿತ್ರಗಳಾಗುವುವು. ಶೃಂಗಾರದಲ್ಲಿ ದೋಷವಾದ ಶ್ರುತಿಕಟುವು ರೌದ್ರದಲ್ಲಿ ಗುಣವಾಗುವಂತೆ, ಇದು ಅನಿತ್ಯದೋಷವು. ಸ್ಥಾನವನ್ನು ವಿಚಾರಿಸದೆ ದೋಷವನ್ನು ನಿರ್ಣಯಿಸುವುದು ಕಾವ್ಯದಲ್ಲಿಯೂ ದಾರುವಿನಲ್ಲಿಯೂ ಅವಿಚಾರವೇ ಸರಿ.