ತಲೆಗೆ ಇಷ್ಟು ಎಂಬ ಲೆಕ್ಕ

ಮಧುಗಿರಿ, ಶಿರಾ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಶುಭೋದಯದ ಹೂವುಗಳ ನಡುವೆ ಈಗ ಬ್ಯಾಂಕಾಕ್, ಬಾಲಿ, ದುಬೈ ಪ್ಯಾಕೇಜಿನ ಪೋಸ್ಟರುಗಳೂ ಬಂದು ಬೀಳುತ್ತವೆ. ನಾಲ್ಕು ರಾತ್ರಿ, ಐದು ಹಗಲು, ತಲೆಗೆ 49,999. ಅಂಕಿಯ ಪಕ್ಕದಲ್ಲಿ ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ನಕ್ಷತ್ರ. ಗಂಡ ಹೆಂಡತಿಯ ಮೊದಲ ವಿದೇಶ ಪ್ರವಾಸದ ಬಜೆಟ್ಟು ಹುಟ್ಟುವುದು ಸಾಮಾನ್ಯವಾಗಿ ಇಲ್ಲೇ. ಎರಡರಿಂದ ಗುಣಿಸಿ, ಕೈಖರ್ಚಿಗೆ ಒಂದಿಪ್ಪತ್ತು ಸಾವಿರ ಸೇರಿಸಿದರೆ ಲೆಕ್ಕ ಮುಗಿಯಿತು.

ಈ ಪದ್ಧತಿಯನ್ನು ಬರೀ ಹಳಿಯುವುದು ನ್ಯಾಯವಲ್ಲ. ನಾವೇ ಟಿಕೆಟ್ಟು, ಹೋಟೆಲು ಬುಕ್ ಮಾಡಿಕೊಂಡರೆ ಅಗ್ಗ ಎಂದು ಬೆಂಗಳೂರಿನ ಸಾಫ್ಟ್‌ವೇರ್ ಅಳಿಯ ಹೇಳುತ್ತಾನೆ. ಹಲವು ಸಲ ಅವನ ಮಾತು ನಿಜವೂ ಹೌದು. ಆದರೆ ಐವತ್ತೈದರ ವಯಸ್ಸಿನಲ್ಲಿ ಮೊದಲ ಬಾರಿ ವಿಮಾನ ಹತ್ತುವ ಅತ್ತೆ ಮಾವನಿಗೆ, ಇಳಿದ ಕಡೆ ಹೆಸರು ಬರೆದ ಫಲಕ ಹಿಡಿದು ಒಬ್ಬ ನಿಂತಿರುವುದಕ್ಕೆ, ರಾತ್ರಿ ಊಟಕ್ಕೆ ಅನ್ನ ಸಾರು ಸಿಗುವುದಕ್ಕೆ ಒಂದು ಬೆಲೆಯಿದೆ. ಅದು ಅಳಿಯನ ಲ್ಯಾಪ್‌ಟಾಪಿನ ಲೆಕ್ಕಕ್ಕೆ ಬರುವುದಿಲ್ಲ. ಆ ಮಟ್ಟಿಗೆ ಪ್ಯಾಕೇಜು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸರಕು.

ನನ್ನ ತಕರಾರು ಬೇರೆ. ಪೋಸ್ಟರು ಎಷ್ಟು ಎಂದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ತಿಂಗಳ ಮೊದಲ ದಿನ ಸಂಬಳ ಬೀಳುವ ನಗರದ ಮನೆಗೆ ಇದು ಸಣ್ಣ ಕೊರತೆ. ವರ್ಷಕ್ಕೊಮ್ಮೆ ದುಡ್ಡು ಕಾಣುವ ಬಯಲುಸೀಮೆಯ ಮನೆಗೆ ಬಜೆಟ್ಟಿನ ಮುಖ್ಯ ಕಾಲಮ್ಮೇ ಅದು.

ಕಡಲೇಕಾಯಿ ಬೆಳೆಯುವ ದಂಪತಿಯನ್ನೇ ತೆಗೆದುಕೊಳ್ಳಿ. ಮಳೆ ನೋಡಿಕೊಂಡು ಜೂನ್, ಜುಲೈನಲ್ಲಿ ಬಿತ್ತನೆ. ಬಳ್ಳಿ ಕಿತ್ತು, ಕಾಯಿ ಬಿಡಿಸಿ, ಮಾರಿ ಕೈಗೆ ಕಾಸು ಬರುವಷ್ಟರಲ್ಲಿ ದೀಪಾವಳಿ ಕಳೆದಿರುತ್ತದೆ. ಥಾಯ್ಲೆಂಡಿನಲ್ಲಿ ಹೋಟೆಲು ಅಗ್ಗವಾಗುವುದು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಅಲ್ಲಿಯ ಮಳೆಗಾಲದಲ್ಲಿ. ಅಂದರೆ ಅಲ್ಲಿ ರಿಯಾಯಿತಿ ಇರುವಾಗ ಇಲ್ಲಿ ಹೊಲ ಬಿಟ್ಟು ಅಲ್ಲಾಡುವಂತಿಲ್ಲ. ಇಲ್ಲಿ ಬಿಡುವೂ ದುಡ್ಡೂ ಇರುವ ಡಿಸೆಂಬರ್, ಜನವರಿಯಲ್ಲಿ ಅಲ್ಲಿ ದರ ಏರಿ ಕುಳಿತಿರುತ್ತದೆ. ಹೊಸದಾಗಿ ಮದುವೆಯಾದವರಿಗೆ ಇನ್ನೊಂದು ತಮಾಷೆ ಕಾದಿದೆ. ಸಸ್ತಾ ಪ್ಯಾಕೇಜುಗಳು ಸಿಗುವ ಹೊತ್ತಿಗೆ ಆಷಾಢ ಬಂದು ಹೆಣ್ಣು ತವರಿಗೆ ಹೊರಟಿರುತ್ತಾಳೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಇಂಥ ಪೋಸ್ಟರುಗಳನ್ನು ಗಂಭೀರವಾಗಿ ಓದುವವರಲ್ಲಿ ಮೇಷ್ಟ್ರು, ಮೇಡಂ ಇಬ್ಬರೂ ದುಡಿಯುವ ಮನೆಗಳು ಹೆಚ್ಚು. ಅವರಿಗೆ ಸಂಬಳವಿದೆ, ರಜೆ ಮಾತ್ರ ದಸರೆಗೆ ಅಥವಾ ಏಪ್ರಿಲ್, ಮೇನಲ್ಲಿ. ದೇಶದ ಮಕ್ಕಳಿಗೆಲ್ಲ ರಜೆ ಸಿಕ್ಕು ಟಿಕೆಟ್ಟಿನ ಬೆಲೆ ಜಿಗಿಯುವ ಹೊತ್ತಿನಲ್ಲಿ. ಸರ್ಕಾರಿ ನೌಕರರಾದ್ದರಿಂದ ವಿದೇಶಕ್ಕೆ ಹೋಗಲು ಮೊದಲೇ ಇಲಾಖೆಯ ಅನುಮತಿ ಬೇಕು. ಆ ಅರ್ಜಿ ಬಿಇಒ ಕಚೇರಿಯಿಂದ ಮೇಲಕ್ಕೆ ಹೋಗಿ ಇಳಿದು ಬರುವಷ್ಟರಲ್ಲಿ ‘ಇವತ್ತೇ ಕೊನೆ ದಿನ’ ಎಂಬ ಆಫರು ಎಷ್ಟು ಸಲ ಕೊನೆಗೊಂಡಿರುತ್ತದೋ.

ದುಡ್ಡು ಹೊಂದಿಸಲು ಸ್ಟಾಫ್ ರೂಮಿನಲ್ಲಿ ಚೀಟಿ ಇರುತ್ತದೆ. ಇಪ್ಪತ್ತು ಜನ, ತಿಂಗಳಿಗೆ ಹತ್ತು ಸಾವಿರ, ಎರಡು ಲಕ್ಷದ ಕೂಗು ಚೀಟಿ ಎಂದುಕೊಳ್ಳೋಣ. ಮೂರನೇ ತಿಂಗಳಲ್ಲೇ ನಲವತ್ತು ಸಾವಿರ ಬಿಟ್ಟು ಕೂಗಿ ಎತ್ತಿದರೆ ಕೈಗೆ ಬರುವುದು ಒಂದು ಲಕ್ಷದ ಅರವತ್ತು ಸಾವಿರ. ಮುಂದೆ ಬೇರೆಯವರು ಬಿಡುವುದರಲ್ಲಿ ನಮ್ಮ ಪಾಲೂ ಬರುತ್ತದೆ, ನಿಜ. ಆದರೂ ಅವಸರಕ್ಕೆ ತೆತ್ತ ಬೆಲೆ ಪ್ರವಾಸದ ಖರ್ಚೇ ತಾನೇ? ಅದನ್ನು ಯಾರೂ ಪ್ರವಾಸದ ಪುಟದಲ್ಲಿ ಬರೆಯುವುದಿಲ್ಲ, ಚೀಟಿಯ ಪುಟದಲ್ಲಿ ಬರೆದು ಮರೆಯುತ್ತಾರೆ. ‘ಹದಿನೆಂಟನೇ ತಿಂಗಳಲ್ಲಿ ಎತ್ತಿ, ಆಮೇಲೆ ಹೋಗಿ’ ಎಂದು ಹೇಳುವ ಟ್ರಾವೆಲ್ಸ್‌ನವನನ್ನು ನಾನಂತೂ ಕಂಡಿಲ್ಲ.

ಪಾವಗಡದ ಲೆಕ್ಕವೇ ಬೇರೆ. ತಿರುಮಣಿ, ವಳ್ಳೂರು ಸುತ್ತಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನನ್ನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5 ಏರುವ ಬಾಡಿಗೆ. ಮಳೆಗೂ ಮಾರುಕಟ್ಟೆಗೂ ಅಂಜದ ಆದಾಯ ಈ ಸೀಮೆಗೆ ಹೊಸದು. ಶುರುವಿನ ದರದಲ್ಲೇ ನೋಡಿದರೂ ಐದು ಎಕರೆಯ ಒಂದು ವರ್ಷದ ಬಾಡಿಗೆ, ಪೋಸ್ಟರಿನ ಇಬ್ಬರ ಬೆಲೆಗೆ ಹೆಚ್ಚುಕಡಿಮೆ ಸಮ. ಬರುವ ದುಡ್ಡು ಗೊತ್ತಿರುವುದರಿಂದ ವರ್ಷ ಮೊದಲೇ ಯೋಜಿಸಬಲ್ಲವರು ಇವರು. (ಅದೇ ಹೊಲದಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಜಮೀನಿಲ್ಲದವರಿಗೆ ಈ ಬಾಡಿಗೆಯಲ್ಲಿ ಪಾಲಿಲ್ಲ, ಕೂಲಿಯೂ ಹೋಯಿತು. ಅವರ ಬಜೆಟ್ಟಿನ ಮಾತನ್ನು ಯಾವ ಪೋಸ್ಟರೂ ಆಡುವುದಿಲ್ಲ.)

ಇನ್ನು ಆ ನಕ್ಷತ್ರದ ಕೆಳಗೆ ಏನಿರುತ್ತದೆ? ಶೇ 5 ಜಿಎಸ್‌ಟಿ. ಒಂದು ಭಾಗ ಡಾಲರಿನಲ್ಲಿ, ದುಡ್ಡು ಕಟ್ಟುವ ದಿನದ ದರದಲ್ಲಿ ಎಂಬ ಷರತ್ತು. 2022ರ ಆರಂಭದಲ್ಲಿ 75ರ ಆಸುಪಾಸಿನಲ್ಲಿದ್ದ ಡಾಲರು 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಇಬ್ಬರಿಗೆ ಸಾವಿರ ಡಾಲರಿನ ಖರ್ಚಾದರೆ ಬರೀ ಇದರಿಂದಲೇ ಹದಿನೈದು ಸಾವಿರ ಹೆಚ್ಚಿದಂತಾಯಿತು. ಪಾಸ್‌ಪೋರ್ಟಿಗೆ ತಲಾ 1,500, ಅವಸರವಿದ್ದರೆ ತತ್ಕಾಲ್‌ಗೆ ಇನ್ನೂ 2,000. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಹೆಸರಿದ್ದರೆ ಅದನ್ನು ಸರಿಪಡಿಸುವ ಓಡಾಟ ಬೇರೆ. ದುಬೈ ಕನಸಿದ್ದರೆ ಒಂಟಿ ಹೆಸರಿನ ಪಾಸ್‌ಪೋರ್ಟ್ ತಂಟೆಯದು: 2022ರ ನವೆಂಬರ್‌ನಲ್ಲಿ ಯುಎಇ ಅಂಥವರ ಪ್ರವಾಸಿ ವೀಸಾಕ್ಕೆ ತಡೆ ಹಾಕಿತು. ಥಾಯ್ಲೆಂಡಿನಲ್ಲಿ ಇಳಿದ ಮೇಲೆ ದಂಪತಿಯ ಬಳಿ ಇಪ್ಪತ್ತು ಸಾವಿರ ಬಾತ್ ಇದೆಯೇ ಎಂದು ಅಧಿಕಾರಿ ಕೇಳಬಹುದು. ಖರ್ಚು ಮಾಡಬೇಕಿಲ್ಲ, ತೋರಿಸಲು ಇರಬೇಕು. ಕಡ ತಂದಾದರೂ ಕೈಯಲ್ಲಿಟ್ಟುಕೊಳ್ಳಬೇಕಾದ ಈ ಐವತ್ತು ಸಾವಿರ ರೂಪಾಯಿಯ ಮೇಲಿನ ಮೊತ್ತಕ್ಕೆ ತಲೆ ಎಣಿಸುವ ಲೆಕ್ಕದಲ್ಲಿ ಜಾಗವೇ ಇಲ್ಲ.

ದೇವನಹಳ್ಳಿಯ ವಿಮಾನ ನಿಲ್ದಾಣದವರೆಗಿನ ದಾರಿಯೂ ಪೋಸ್ಟರಿನ ಆಚೆಯದು. ಪಾವಗಡದವರು ಆಂಧ್ರದ ಪೆನುಕೊಂಡ ಮೇಲೆ ಬಂದು 44ನೇ ಹೆದ್ದಾರಿ ಹಿಡಿದರೆ ಬೆಂಗಳೂರು ಹೊಗುವ ಕಾಟವಿಲ್ಲ, ಆದರೆ ಅದಕ್ಕೆ ಟ್ಯಾಕ್ಸಿಯೇ ಗತಿ. ಕೊರಟಗೆರೆಯಿಂದ ಕೆಂಪು ಬಸ್ಸಿನಲ್ಲಿ ಹೊರಟರೆ 2023ರ ಜೂನ್‌ನಿಂದ ಹೆಂಡತಿಗೆ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ಟು, ದುಡ್ಡು ಕೊಡುವವನು ಗಂಡ ಮಾತ್ರ. ವಿದೇಶ ಪ್ರವಾಸದ ಇಡೀ ಲೆಕ್ಕದಲ್ಲಿ ತಲೆಗೆ ಇಷ್ಟು ಎಂಬ ಸೂತ್ರ ಸಂತೋಷದಿಂದ ಮುರಿಯುವುದು ಇದೊಂದೇ ಕಡೆ. ವಿಮಾನ ನಿಲ್ದಾಣದ ಎಸಿ ಬಸ್ಸಿಗೆ ಮತ್ತೆ ಇಬ್ಬರಿಗೂ ಟಿಕೆಟ್ಟು.

ಕೊನೆಯದು ಟಿಸಿಎಸ್. ವಿದೇಶ ಪ್ಯಾಕೇಜು ಮಾರುವವರು ಗ್ರಾಹಕರಿಂದ ಈ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕೆಂಬ ನಿಯಮ 2020ರ ಅಕ್ಟೋಬರ್‌ನಿಂದ ಬಂತು. ಶುರುವಿಗೆ ಶೇ 5 ಇತ್ತು, ಆಮೇಲೆ ದರ ಬದಲಾಗಿದೆ. ತೆರಿಗೆ ಕಟ್ಟಬೇಕಿಲ್ಲದವರಿಗೆ ಅದು ವಾಪಸು ಬರುವ ದುಡ್ಡು, ಆದರೆ ರಿಟರ್ನ್ ಸಲ್ಲಿಸಿದರೆ ಮಾತ್ರ. ಮೇಷ್ಟ್ರಿಗೆ ಅದು ರೂಢಿ. ಹುಣಸೆ, ಕಡಲೇಕಾಯಿ ಮಾರಿ ಬದುಕುವ ದಂಪತಿ ಇದಕ್ಕೆಂದೇ ಆಡಿಟರ ಬಳಿ ಹೋಗಬೇಕು. ಈ ವರ್ಷದ ಪ್ರವಾಸದ ದುಡ್ಡನ್ನು ಮುಂದಿನ ವರ್ಷ ಕೇಳಿ, ಆಡಿಟರ ಫೀ ಕಳೆದು ಎಷ್ಟು ಉಳಿಯಿತೆಂದು ನೋಡುವ ಹೊತ್ತಿಗೆ ಹೊಲ ಮತ್ತೆ ಬಿತ್ತನೆಗೆ ಸಿದ್ಧವಾಗಿರುತ್ತದೆ, ಬೀಜಕ್ಕೂ ಗೊಬ್ಬರಕ್ಕೂ ಅದೇ ದುಡ್ಡು ಬೇಕಾಗಿರುತ್ತದೆ.