ಬಣ್ಣಕ್ಕೆ ಮುಂಚಿನ ಗೆರೆ: ದಖನಿ ಪೂರ್ವರೇಖೆಗಳನ್ನು ಕುರಿತು

ದಖನಿ ಚಿತ್ರಕಲೆಯನ್ನು ಕುರಿತ ನಮ್ಮ ಚರ್ಚೆ ಬಹುಮಟ್ಟಿಗೆ ಮುಗಿದ ಚಿತ್ರಗಳನ್ನೇ ಅವಲಂಬಿಸಿದೆ. ಬಣ್ಣ ಹಚ್ಚುವ ಮುನ್ನ ಎಳೆದ ಗೆರೆಗಳನ್ನು 'ಕರಡು' ಎಂದು ಕರೆದು ಪಕ್ಕಕ್ಕಿಡುವುದು ರೂಢಿ. ಹೈದರಾಬಾದಿನಲ್ಲಿ 1976ರಲ್ಲಿ ಸ್ಥಾಪಿತವಾದ ಜಗದೀಶ್ ಮತ್ತು ಕಮಲಾ ಮಿತ್ತಲ್ ಭಾರತೀಯ ಕಲಾ ಸಂಗ್ರಹಾಲಯವು ವರ್ಣಚಿತ್ರಗಳ ಜೊತೆಗೆ ರೇಖಾಚಿತ್ರಗಳನ್ನೂ ಮನ್ನಿಸಿ ಉಳಿಸಿರುವುದು ಈ ಕಾರಣಕ್ಕಾಗಿ ಗಮನಾರ್ಹ. ಸಂಗ್ರಾಹಕ ದಂಪತಿಗಳಿಬ್ಬರೂ ಶಾಂತಿನಿಕೇತನದಲ್ಲಿ ಕಲಿತ ಕಲಾವಿದರೆಂಬುದನ್ನು ಇಲ್ಲಿ ಮರೆಯಲಾಗದು.

'ಕರಡು' ಎಂಬ ಮಾತು ಬರವಣಿಗೆಯಿಂದ ಬಂದದ್ದು. ಶುದ್ಧಪ್ರತಿ ಸಿದ್ಧವಾದೊಡನೆ ಕರಡಿನ ಕೆಲಸ ಮುಗಿಯುತ್ತದೆ. ಚಿತ್ರಶಾಲೆಯಲ್ಲಿ ನಡೆಯುವುದು ಬೇರೆ. ಚಿತ್ರಕಾರನು ಮೊದಲು ತೆಳುವಾಗಿ ಗೆರೆ ಹಾಕಿ, ಅದರ ಮೇಲೆ ಬಿಳಿಯ ತಿಳಿಲೇಪವನ್ನು ಕೊಟ್ಟು, ಅದರೊಳಗಿಂದ ಮಸುಕಾಗಿ ಕಾಣುವ ರೂಪವನ್ನು ತಿದ್ದಿ ಮತ್ತೆ ಬರೆಯುತ್ತಾನೆ. ಹೀಗಾಗಿ ಮೊದಲ ಗೆರೆ ಚಿತ್ರದ ಮೈಯೊಳಗೇ ಉಳಿದಿರುತ್ತದೆ. ಲೇಪ ಸವೆದಲ್ಲಿ ಸ್ಥಳ ಬದಲಿಸಿದ ತೋಳು, ಎತ್ತರ ತಗ್ಗಿಸಿದ ಪೇಟ ಮತ್ತೆ ಕಣ್ಣಿಗೆ ಬೀಳಬಹುದು. ಗುರುವಿನ ನಿರ್ಧಾರಗಳನ್ನು ಓದಬೇಕಾದುದು ಅಲ್ಲಿಯೇ ಎಂದು ನಮ್ಮ ಅಭಿಪ್ರಾಯ.

ಆದರೆ ಎಲ್ಲ ರೇಖಾಚಿತ್ರಗಳೂ ಪೂರ್ವರೇಖೆಗಳಲ್ಲ. 'ಚರ್ಬಾ' ಎಂಬ ಪಾರದರ್ಶಕ ತೊಗಲಿನ ಮೇಲೆ ಆಕೃತಿಯನ್ನು ತೆಗೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿಯನ್ನು ತಟ್ಟಿ ಪ್ರತಿ ಮಾಡುವ ಪದ್ಧತಿಯಿತ್ತು. ಆದುದರಿಂದ ಎಲ್ಲಿಯೂ ತಡವರಿಸದ, ತಿದ್ದುಪಡಿಯೇ ಇಲ್ಲದ ಗೆರೆಯನ್ನು ಕಂಡೊಡನೆ ಮಹಾಚಿತ್ರಕಾರನ ಹೆಸರನ್ನು ಅಂಟಿಸುವುದು ಅವಸರವಾದೀತು. ನಮ್ಮ ದೃಷ್ಟಿಯಲ್ಲಿ ಅಂಥ ಗೆರೆಯೇ ಹೆಚ್ಚು ಅನುಮಾನಕ್ಕೆ ಅರ್ಹ. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಪತನಗೊಂಡ ಬಳಿಕ ಹಳೆಯ ಆಕೃತಿಗಳು ಹೊಸ ಕೈಗಳಿಗೆ ದಾಟಲು ಇಂಥ ಪ್ರತಿಗಳು ಅನುವು ಮಾಡಿಕೊಟ್ಟಿರಬೇಕು.

ಕನ್ನಡದ ಸಂಶೋಧಕರಿಗೆ ಇದು ಪರಕೀಯ ವಿಷಯವೇನಲ್ಲ. ಕಲ್ಯಾಣದ ಮೂರನೆಯ ಸೋಮೇಶ್ವರನ (1126–1138) 'ಮಾನಸೋಲ್ಲಾಸ'ವು ಕಾಡಿಗೆ ಮತ್ತು ಅನ್ನವನ್ನು ಕಲಸಿ ಮಾಡಿದ 'ವರ್ತಿಕೆ'ಯನ್ನು ವಿವರಿಸುತ್ತದೆ. ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ಇದ್ದಿಲುಕಡ್ಡಿ ಮಾಡಿಕೊಳ್ಳುತ್ತಿದ್ದರು. ಇವೆಲ್ಲಕ್ಕೂ ಒಂದೇ ವಂಶವೃಕ್ಷವನ್ನು ನಾವು ಕಲ್ಪಿಸುತ್ತಿಲ್ಲ. ಸಂಸ್ಕೃತ ಗ್ರಂಥ ಒಬ್ಬರಿಗೆ, ಪಾರಸಿ ಚಿತ್ರ ಇನ್ನೊಬ್ಬರಿಗೆ ಎಂದು ಹಂಚಿಕೊಂಡುದರಿಂದ ಕೈಕೆಲಸದ ಚರಿತ್ರೆ ಯಾರ ಪಾಲಿಗೂ ಬರಲಿಲ್ಲವೆಂಬುದಷ್ಟೇ ನಮ್ಮ ಆಕ್ಷೇಪ. ಬೀದರಿನ ಬಿದರಿ ಕುಶಲಕರ್ಮಿಯನ್ನು ನೋಡಿರಿ: ಮೈಲುತುತ್ತದಿಂದ ಕಪ್ಪಾಗಿಸಿದ ಲೋಹದ ಮೇಲೆ ಆತ ಮೊನೆಯಿಂದ ಬಳ್ಳಿಯನ್ನು ಗೀಚುತ್ತಾನೆ, ಆಮೇಲೆ ಉಳಿಯಿಂದ ಅದೇ ಗೆರೆಯನ್ನು ಕೊರೆದು, ಅದರೊಳಕ್ಕೆ ಬೆಳ್ಳಿಯನ್ನು ಬಡಿದು ಕೂರಿಸುತ್ತಾನೆ.